ಗ್ರಾಂಡ್ ರಿವಿಯೇರ್‌ಗೆ ಆಮೆ ನೋಡಲು ಹೋಗುವುದಾದರೆ

ಟ್ರಿನಿಡಾಡ್‌ನ ಉತ್ತರ ಕರಾವಳಿಯ ಈ ಪುಟ್ಟ ಊರಿಗೆ ಮಾರ್ಚ್‌ನಿಂದ ಆಗಸ್ಟ್ ಒಳಗೆ ಹೋಗಿ. ಲೆದರ್‌ಬ್ಯಾಕ್ ಎಂಬ ದೊಡ್ಡ ಕಡಲಾಮೆಗಳು ಮೊಟ್ಟೆ ಇಡಲು ಬರುವುದು ಆಗಲೇ. ಟೋಕೊ ಊರಿನ ಮೇಲೆ ಬರುವ ದಾರಿಯಲ್ಲಿ ತಿರುವು ಜಾಸ್ತಿ, ಕತ್ತಲಾಗುವ ಮೊದಲೇ ಊರು ಸೇರಿಬಿಡಿ. ಟ್ರಿನಿಡಾಡ್ ಡಾಲರ್ ನಗದು ಜೊತೆಗಿರಲಿ.

ರಾತ್ರಿ ಕಡಲತೀರಕ್ಕೆ ಇಳಿಯಲು ಪರವಾನಗಿ ಬೇಕು. ಊರಿನ ಗೈಡ್ ಜೊತೆಗೇ ಹೋಗಿ. ಫ್ಲ್ಯಾಶ್ ಬೇಡವೇ ಬೇಡ. ಆಮೆ ಗುಂಡಿ ತೋಡುವಾಗ ಸುಮ್ನೆ ದೂರ ನಿಲ್ಲಿ. ಮೊಟ್ಟೆ ಇಡತೊಡಗಿದ ಮೇಲೆ ಗೈಡ್ ಹಿಂದಿನಿಂದ ಹತ್ತಿರ ಕರೆಯುತ್ತಾರೆ. ಗೈಡ್ ಹಿಡಿದ ಕೆಂಪು ಬೆಳಕಿನಲ್ಲಿ ಆಮೆಯ ಬೆನ್ನು ನೋಡಿ: ಗಟ್ಟಿ ಚಿಪ್ಪಿಲ್ಲ, ರಬ್ಬರಿನಂಥ ಕಪ್ಪು ಚರ್ಮ, ಅದರಲ್ಲಿ ಉದ್ದುದ್ದ ಏಣುಗಳು. ಕಣ್ಣಿಂದ ಲೋಳೆಯಂತೆ ನೀರು ಇಳಿಯುತ್ತದೆ. ನಾನೂ ಅಳು ಅಂದುಕೊಂಡಿದ್ದೆ. ಮೈಯ ಉಪ್ಪು ಹೊರಹೋಗುವ ದಾರಿಯಂತೆ ಅದು!

ಬೆಳಿಗ್ಗೆ ಬೇಗ ಎದ್ದು ಪಾವಿ ಹಕ್ಕಿಯನ್ನೂ ಹುಡುಕಿ. ಟ್ರಿನಿಡಾಡ್ ಬಿಟ್ಟರೆ ಬೇರೆಲ್ಲೂ ಅದಿಲ್ಲ.