ಪಕ್ಕದ ಮನೆಯವನನ್ನು ಹಿಡಿದರೆ ಮೂಲ ಸಿಗುತ್ತದೆ

ಅಮೆರಿಕದ ಹಳೆಯ ಮನೆತನಗಳ ಮೂಲ ಹುಡುಕುವವರು ಒಂದು ಹೆಸರು ಸಿಕ್ಕ ಕೂಡಲೇ ಇಂಗ್ಲೆಂಡಿನ ದಾಖಲೆಗೆ ಕೈಹಾಕುತ್ತಾರೆ. ನಾನು ಹಾಗೆ ಮಾಡಲಿಲ್ಲ. ಜಾನ್, ಥಾಮಸ್, ವಿಲಿಯಂ ಬಿಟ್ಟರೆ ಅಲ್ಲಿ ಬೇರೆ ಹೆಸರೇ ಇರಲಿಲ್ಲವೇನೋ ಅನ್ನಿಸುವಷ್ಟು ಜನ ಸಿಗುತ್ತಾರೆ. ಯಾರನ್ನು ನಮ್ಮವನು ಅನ್ನೋದು?

ನನ್ನ ಗಂಡನ ತಾಯಿಯ ಕಡೆಯವರು ಮ್ಯಾಸಚೂಸೆಟ್ಸ್‌ನ ಹಿಂಗಂ ಊರಿನವರು. ಇಂಗ್ಲೆಂಡಿನ ನಾರ್ಫೋಕ್ ಜಿಲ್ಲೆಯಲ್ಲೂ ಒಂದು ಹಿಂಗಂ ಇದೆ. ಅಲ್ಲಿನ ಹೆಸರನ್ನೇ 1635ರಲ್ಲಿ ಇಲ್ಲಿಗೂ ಇಟ್ಟರು. ಅಬ್ರಹಾಂ ಲಿಂಕನ್ ಅವರ ಪೂರ್ವಜ ಸ್ಯಾಮ್ಯುಯೆಲ್ ಲಿಂಕನ್ ಬಂದು ನೆಲೆಸಿದ್ದೂ ಇಲ್ಲೇ. 1638ರಲ್ಲಿ ಡಿಲಿಜೆಂಟ್ ಹಡಗಿನಲ್ಲಿ ಮತ್ತೊಂದು ದೊಡ್ಡ ಗುಂಪು ಬಂತು. ಪಾದ್ರಿ, ನೆಂಟರು, ಆಳುಕಾಳು, ಎಲ್ಲರೂ ಒಟ್ಟಿಗೆ ಬಂದವರು. ಹಾಗಾಗಿ ಒಬ್ಬನ ಮೂಲ ಸಿಗದಿದ್ದರೆ ಅವನ ಅಕ್ಕಪಕ್ಕದವರ ಮೂಲ ಹುಡುಕಬೇಕು.

ಮೊದಲು ಹಿಡಿದಿದ್ದು ವಿಲ್ ಮತ್ತು ಜಮೀನಿನ ಪತ್ರಗಳನ್ನು. ಹಿಂಗಂ ಈಗ ಪ್ಲಿಮತ್ ಕೌಂಟಿಯಲ್ಲಿದೆ (ಕೌಂಟಿ ಅಂದರೆ ಜಿಲ್ಲೆ), ಆದರೆ 1803ಕ್ಕೆ ಮುಂಚೆ ಬಾಸ್ಟನ್ ಇರುವ ಸಫೋಕ್ ಕೌಂಟಿಯಲ್ಲಿತ್ತು. ಹಾಗಾಗಿ ಹಳೆಯ ಕಾಗದಗಳು ಬಾಸ್ಟನ್ ಕಡೆಯ ದಾಖಲೆಗಳಲ್ಲಿವೆ. ಫ್ಯಾಮಿಲಿಸರ್ಚ್ ಅನ್ನುವ ವೆಬ್‌ಸೈಟಿನಲ್ಲಿ ಬಹಳಷ್ಟನ್ನು ಪುಕ್ಕಟೆಯಾಗಿ ನೋಡಬಹುದು. ನಾನು ಜಾಸ್ತಿ ಓದಿದ್ದು ಚಕ್ಕುಬಂದಿ ಮತ್ತು ಸಾಕ್ಷಿಗಳ ಸಹಿ. ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾರದು? ಒಬ್ಬನ ಹೆಸರು ಮತ್ತೆ ಮತ್ತೆ ಬಂತು. ನಮ್ಮವನ, ಅಂದರೆ ಈ ಮನೆತನದಿಂದ ಹಿಂಗಂಗೆ ಮೊದಲು ಬಂದವನ, ವಿಲ್‌ಗೆ ಸಾಕ್ಷಿಯೂ ಅವನೇ, ಸತ್ತ ಮೇಲೆ ಹಸು, ಹಾಸಿಗೆ, ಹಿತ್ತಾಳೆ ಪಾತ್ರೆಗೆ ಬೆಲೆ ಕಟ್ಟಿದವನೂ ಅವನೇ.

ತಾರೀಖು ನೋಡುವಾಗ ಹುಷಾರು. ಇಂಗ್ಲಿಷರಿಗೆ ಆಗ ಹೊಸ ವರ್ಷ ಮಾರ್ಚ್ 25ಕ್ಕೆ ಶುರು. ಅದು ಜನವರಿ 1ಕ್ಕೆ ಬಂದಿದ್ದು 1752ರಲ್ಲಿ. ಮುಂದಿನ ತಲೆಮಾರಿನ ಒಂದು ಮದುವೆ 1650ರ ಏಪ್ರಿಲ್‌ನಲ್ಲಿ, ಮೊದಲ ಮಗು 1650ರ ಫೆಬ್ರವರಿಯಲ್ಲಿ! ಇಂಟರ್ನೆಟ್ಟಿನ ವಂಶವೃಕ್ಷಗಳಲ್ಲಿ ಈ ಮಗುವಿಗೋಸ್ಕರ ಇಲ್ಲದ ಮೊದಲ ಹೆಂಡತಿಯೊಬ್ಬಳನ್ನು ಸೃಷ್ಟಿ ಮಾಡಿಬಿಟ್ಟಿದ್ದಾರೆ. ಆಗಿನ ಲೆಕ್ಕದಲ್ಲಿ ಏಪ್ರಿಲ್ ಮೊದಲು, ಫೆಬ್ರವರಿ ಆಮೇಲೆ, ಅಷ್ಟೇ. ಮಾರ್ಚ್ ಮೊದಲ ತಿಂಗಳಾದ್ದರಿಂದ ‘12ನೇ ತಿಂಗಳು’ ಅಂತ ಬರೆದಿದ್ದರೆ ಅದೂ ಫೆಬ್ರವರಿಯೇ.

ನಮ್ಮತ್ತೆಯ ಹತ್ತಿರ ಚೌಕಟ್ಟು ಹಾಕಿಸಿದ ವಂಶವೃಕ್ಷ ಒಂದಿದೆ, ತುದಿಯಲ್ಲಿ ಒಬ್ಬ ‘ಸರ್’ ಬಿರುದಿನ ನೈಟ್. ಆಧಾರ ಸೊನ್ನೆ. ಗುಸ್ಟಾವ್ ಆಂಜು ಅನ್ನುವವನು ದುಡ್ಡಿದ್ದವರಿಗೆ ಸುಳ್ಳು ವಂಶಾವಳಿ ಬರೆದುಕೊಟ್ಟೇ ಜೀವನ ಮಾಡಿದ, ಗೊತ್ತಲ್ವಾ? ಅತ್ತೆಗೆ ಹೇಳಿದೆ. ನಕ್ಕರು. ಗೋಡೆಯಿಂದ ಮಾತ್ರ ಇಳಿಸಿಲ್ಲ.

ಕೊನೆಗೆ ದಾರಿ ತೋರಿಸಿದ್ದು ಆ ಸಾಕ್ಷಿಯೇ. ಅವನ ಅಪ್ಪನ ವಿಲ್ ನಾರ್ಫೋಕ್‌ನ ದಾಖಲೆಗಳಲ್ಲಿ ಸಿಕ್ಕಿತು. ನ್ಯೂ ಇಂಗ್ಲೆಂಡಿನಲ್ಲಿರುವ ಮಗನಿಗೆ ಒಂದಿಷ್ಟು, ಅಲ್ಲೇ ಇರುವ ಮಗಳು ಅಳಿಯನಿಗೆ ಒಂದಿಷ್ಟು. ಅಳಿಯ ನಮ್ಮವನೇ! ಇಂಗ್ಲೆಂಡಿನ ಹಿಂಗಂ ಹತ್ತಿರದ ಒಂದು ಹಳ್ಳಿಯ ಚರ್ಚಿನ ರಿಜಿಸ್ಟರಿನಲ್ಲಿ ಇಬ್ಬರ ಮದುವೆಯೂ ಸಿಕ್ಕಿತು. ನಮ್ಮವನ ದೀಕ್ಷಾಸ್ನಾನದ ಹಾಳೆ ಮಾತ್ರ ಇಲ್ಲ. ಆಗ ಪ್ರತಿ ವರ್ಷ ರಿಜಿಸ್ಟರಿನ ನಕಲು ಬಿಷಪ್ ಕಡೆಗೆ ಹೋಗುತ್ತಿತ್ತು. ಆ ನಕಲಿಗಾಗಿ ನಾರ್ವಿಚ್‌ನ ರೆಕಾರ್ಡ್ ಆಫೀಸಿಗೆ ಬರೆದಿದ್ದೇನೆ.