ಗ್ಯಾಸ್ಟ್ರಿಕ್ ಮಾತ್ರೆ ಶುರು ಮಾಡಿದ್ದೀರಾ? ಎಷ್ಟು ದಿನ ಕಾಯಬೇಕು ಗೊತ್ತಾ?

ಮೊದಲು ಉತ್ತರ ಹೇಳಿಬಿಡುತ್ತೇನೆ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್ ಥರದ ಮಾತ್ರೆ ಶುರು ಮಾಡಿದರೆ ಎದೆ ಉರಿ, ಹುಳಿ ತೇಗು ಎರಡು ಮೂರು ದಿನದಲ್ಲಿ ತಗ್ಗುತ್ತಾ ಬರುತ್ತದೆ. ಕೆಲವರಿಗೆ ವಾರ ಹಿಡಿಯುತ್ತದೆ. ಆದರೆ ಹೊಟ್ಟೆಯ ಒಳಪದರದ ಊತ, ಹುಣ್ಣು ಮಾಯಲು ಸಾಮಾನ್ಯವಾಗಿ 4ರಿಂದ 8 ವಾರ ಬೇಕು. ಉರಿ ನಿಂತಿತು ಅಂತ ನಾಲ್ಕನೇ ದಿನಕ್ಕೇ ಮಾತ್ರೆ ಬಿಟ್ಟವರು ತಿಂಗಳು ತುಂಬುವುದರೊಳಗೆ ಮತ್ತೆ ಅದೇ ಮೆಡಿಕಲ್ ಶಾಪ್ ಮುಂದೆ ನಿಂತಿರುತ್ತಾರೆ.

ಎಷ್ಟು ದಿನ ಅನ್ನೋದಕ್ಕಿಂತ ಯಾವಾಗ ನುಂಗುತ್ತೀರಿ ಅನ್ನೋದರಲ್ಲೇ ಜಾಸ್ತಿ ಜನ ಎಡವುತ್ತಾರೆ. ನಮ್ಮ ದಾವಣಗೆರೆಯಲ್ಲಿ ಬೆಳಗ್ಗೆ ಹೋಟೆಲ್‌ನಲ್ಲಿ ನೋಡಿ: ಎರಡು ಬೆಣ್ಣೆ ದೋಸೆ, ಆಲೂಗಡ್ಡೆ ಪಲ್ಯ, ಖಾರದ ಚಟ್ನಿ ಎಲ್ಲ ಮುಗಿಸಿ, ಕೈಯಲ್ಲಿನ ಬೆಣ್ಣೆ ತೊಳೆದುಕೊಂಡು ಬಂದು, ಆಮೇಲೆ ಜೇಬಿನಿಂದ ಮಾತ್ರೆ ತೆಗೆಯುತ್ತಾರೆ. ಹೀಗೆ ಮಾಡಿದರೆ ಮಾತ್ರೆಯ ಕೆಲಸ ಕುಗ್ಗುತ್ತದೆ. ಹೊಟ್ಟೆಯ ಗೋಡೆಯಲ್ಲಿ ಹುಳಿ ಸುರಿಸುವ ಪಂಪುಗಳಿವೆ, ಅವು ಜೋರಾಗಿ ಚಾಲೂ ಆಗುವುದು ಊಟ ಬಿದ್ದಾಗ, ಚಾಲೂ ಆದ ಪಂಪನ್ನು ಮಾತ್ರ ಈ ಮಾತ್ರೆ ಬಂದ್ ಮಾಡಬಲ್ಲದು. ಅಂದರೆ ಊಟ ಬೀಳುವಷ್ಟರಲ್ಲಿ ಮಾತ್ರೆ ರಕ್ತದಲ್ಲಿ ರೆಡಿ ಇರಬೇಕು. ಅದಕ್ಕೇ ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು, ಬರೀ ನೀರಲ್ಲಿ ನುಂಗಿ. ಅಗಿಯಬೇಡಿ, ಪುಡಿ ಮಾಡಬೇಡಿ. ಎದ್ದ ತಕ್ಷಣ ನುಂಗಿ ಸ್ನಾನ ಮಾಡಿ ಹೊರಟರೆ, ಭಾನುವಾರದ ರಶ್‌ನಲ್ಲಿ ದೋಸೆ ಬರುವಷ್ಟರಲ್ಲಿ ಟೈಮ್ ಸರಿಯಾಗಿರುತ್ತದೆ!

ಒಂದೇ ದಿನಕ್ಕೆ ಎಲ್ಲ ಪಂಪುಗಳೂ ಸಿಗುವುದಿಲ್ಲ. ಹೊಸವೂ ಹುಟ್ಟುತ್ತಿರುತ್ತವೆ. ಹಾಗಾಗಿ ದಿನಾ ತಗೊಂಡರೆ ಮೂರರಿಂದ ಐದು ದಿನಕ್ಕೆ ಪೂರ್ತಿ ಹಿಡಿತ ಸಿಗುತ್ತದೆ. ಕೋರ್ಸ್ ನಡೆಯುತ್ತಿರುವಾಗ ಉರಿ ಬಂದಾಗ ಒಂದು, ಇಲ್ಲದಾಗ ಇಲ್ಲ ಅಂತ ಸುಮ್ನೆ ನುಂಗಿದರೆ ಈ ಹಿಡಿತ ಸಿಗುವುದಿಲ್ಲ.

ಅಲ್ಲಿಯವರೆಗೆ ಉರಿ ತಡೆಯಲಾಗದಿದ್ದರೆ ಡೈಜಿನ್, ಜೆಲುಸಿಲ್ ಥರದ್ದು ನಿಮಿಷಗಳಲ್ಲೇ ತಂಪು ಮಾಡುತ್ತದೆ, ಅದು ಸ್ವಲ್ಪ ಹೊತ್ತಿಗೆ ಅಷ್ಟೇ. ಬಿಪಿ ಇರುವವರು ಇನೋ ಮೇಲೆ ಕೈ ಹಾಕುವ ಮೊದಲು ಯೋಚಿಸಿ, ಅದರಲ್ಲಿ ಸೋಡಿಯಂ ಜಾಸ್ತಿ.

ಸರಿಯಾಗಿ ತಗೊಂಡರೂ ಎರಡು ವಾರಕ್ಕೆ ಕಡಿಮೆಯಾಗಲಿಲ್ಲವಾ? ಮಿರ್ಚಿ ಮಂಡಕ್ಕಿಯನ್ನು ಬೈಯುವ ಮೊದಲು ಬೇರೆ ಕಡೆ ನೋಡಿ. ಖಾರ ಕೆಲವರಿಗೆ ಉರಿ ಜಾಸ್ತಿ ಮಾಡುತ್ತದೆ ನಿಜ. ಆದರೆ ಒಳಪದರ ಕೆಡಿಸುವ ದೊಡ್ಡ ಕಳ್ಳರು ಮಂಡಿ ನೋವಿಗೆ ನುಂಗುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಮಾತ್ರೆಗಳು, ಕುಡಿತ, ಮತ್ತೆ ಎಚ್. ಪೈಲೋರಿ ಅನ್ನೋ ಬ್ಯಾಕ್ಟೀರಿಯಾ. ಅದನ್ನು ಕಂಡುಹಿಡಿದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್‌ಗೆ 2005ರಲ್ಲಿ ನೊಬೆಲ್ ಬಂತು. ಆ ಬ್ಯಾಕ್ಟೀರಿಯಾ ಇದ್ದರೆ ಹುಳಿ ತಗ್ಗಿಸುವ ಮಾತ್ರೆಯೊಂದೇ ಸಾಲದು, ಆ್ಯಂಟಿಬಯೋಟಿಕ್ ಜೊತೆಗೆ ಸಾಮಾನ್ಯವಾಗಿ 14 ದಿನದ ಕೋರ್ಸ್ ಬೇಕು. ಅದು ಇದೆಯಾ ಅಂತ ನೋಡುವ ಉಸಿರಿನ ಅಥವಾ ಮಲದ ಟೆಸ್ಟ್‌ಗೆ ಎರಡು ವಾರ ಮೊದಲೇ ಹುಳಿ ತಗ್ಗಿಸುವ ಈ ಮಾತ್ರೆ ನಿಲ್ಲಿಸಬೇಕಾಗುತ್ತದೆ, ಇಲ್ಲದಿದ್ದರೆ ಇದ್ದದ್ದೂ ಇಲ್ಲ ಅಂತ ರಿಪೋರ್ಟ್ ಬರಬಹುದು. ಡಾಕ್ಟರನ್ನು ಕೇಳಿಯೇ ನಿಲ್ಲಿಸಿ. ಹಾರ್ಟ್‌ಗೆ ಕೊಟ್ಟ ಆಸ್ಪಿರಿನ್ ಅನ್ನಂತೂ ನೀವಾಗಿ ಬಿಡಲೇಬೇಡಿ.

ಕೋರ್ಸ್ ಮುಗಿದ ಮೇಲೆ ವರ್ಷಗಟ್ಟಲೆ ಎಳೆಯುವುದೂ ಒಳ್ಳೆಯದಲ್ಲ, ದೇಹದಲ್ಲಿ ವಿಟಮಿನ್ ಬಿ12 ಇಳಿಯಬಹುದು. ಬಹಳ ದಿನ ತಗೊಂಡು ದಿಢೀರ್ ಬಿಟ್ಟರೆ ಕೆಲವು ದಿನ ಉರಿ ಮೊದಲಿಗಿಂತ ಜೋರಾಗಿ ಬರಬಹುದು. ಕಾಯಿಲೆ ಮರಳಿತು ಅಂತ ಹೆದರಬೇಡಿ, ನಿಧಾನಕ್ಕೆ ಇಳಿಸುವುದು ಹೇಗೆ ಅಂತ ಕೇಳಿ.

ಟಾರಿನಂತೆ ಕಪ್ಪು ಮಲ, ರಕ್ತ ವಾಂತಿ ಇದ್ದರೆ ತಕ್ಷಣ ಆಸ್ಪತ್ರೆಗೆ ಹೊರಡಿ. ನುಂಗಲು ಕಷ್ಟ, ತೂಕ ಇಳಿಯುವುದು ಇದ್ದರೆ ವಾರಗಟ್ಟಲೆ ಕಾಯದೆ ಡಾಕ್ಟರಿಗೆ ತೋರಿಸಿ. ಎದೆ ಬಿಗಿದು, ಬೆವರಿ, ಎಡಗೈಗೋ ದವಡೆಗೋ ನೋವು ಹರಿದರೆ ಗ್ಯಾಸ್ ಅಂತ ಸೋಡಾ ಕುಡಿಯುತ್ತಾ ಕೂರಬೇಡಿ, ಮೊದಲು ಇಸಿಜಿ ಮಾಡಿಸಿ.