ಗಾಯಾಳುಗಳು 40, ನೀವು ಇಬ್ಬರು: ಮೊದಲು ತಲುಪಿದ ಆಂಬುಲೆನ್ಸ್ ಏನು ಮಾಡಬೇಕು

ಬಸ್ಸು ಉರುಳಿದೆ. ಸುಮಾರು 40 ಜನ ಬಿದ್ದಿದ್ದಾರೆ. ನೀವು ಇಬ್ಬರು, ಗಾಡಿಯಲ್ಲಿರುವುದು ಒಂದೇ ಸ್ಟ್ರೆಚರ್. ಬಾಗಿಲು ತೆಗೆಯುವಷ್ಟರಲ್ಲಿ ಯಾರೋ ತೋಳು ಹಿಡಿದು ಎಳೆಯುತ್ತಾರೆ, "ಮೊದಲು ನಮ್ಮ ಹುಡುಗನ್ನ ನೋಡಿ" ಅಂತ.

ಹೋಗಬೇಡಿ. ನಾನು ಒಮ್ಮೆ ಹೋಗಿದ್ದೆ. ಕಾಲು ಮುರಿದು ಕಿರುಚುತ್ತಿದ್ದವನ ಪಕ್ಕ ಕೂತು ಪಟ್ಟಿ ಕಟ್ಟಿದೆ, ತಲೆ ಎತ್ತಿ ನೋಡಿದರೆ ಎಷ್ಟು ಜನ ಬಿದ್ದಿದ್ದಾರೆ ಅಂತ ಕಂಟ್ರೋಲ್ ರೂಮಿಗೆ ಇನ್ನೂ ಯಾರೂ ಹೇಳಿಯೇ ಇರಲಿಲ್ಲ. ಬೇಕಾದಷ್ಟು ಗಾಡಿಗಳು ಹೊರಟೇ ಇರಲಿಲ್ಲ. ಮೊದಲು ತಲುಪಿದವರ ಕೆಲಸ ಚಿಕಿತ್ಸೆ ಅಲ್ಲ, ಎಣಿಸುವುದು ಮತ್ತು ಹೇಳುವುದು. ನಮ್ಮ ಕೆಲಸದಲ್ಲಿ ಇದಕ್ಕಿಂತ ಕಷ್ಟದ್ದು ಇನ್ನೊಂದಿಲ್ಲ.

ಹಾಗಾಗಿ ಇಳಿಯುವ ಮುಂಚೆಯೇ ಕೆಲಸ ಹಂಚಿಕೊಳ್ಳಿ. ಒಬ್ಬರು ರೇಡಿಯೋ ಹಿಡಿದು ಗಾಡಿಯ ಹತ್ತಿರವೇ ಇರಬೇಕು, ಇನ್ನೊಬ್ಬರು ಟ್ಯಾಗ್ ಹಿಡಿದು ಒಳಗೆ ನಡೆಯಬೇಕು. ಟ್ಯಾಗ್ ಅಂದರೆ ಯಾರಿಗೆ ಮೊದಲು ಚಿಕಿತ್ಸೆ ಅಂತ ತೋರಿಸಲು ಗಾಯಾಳುವಿಗೆ ಕಟ್ಟುವ ಬಣ್ಣದ ಚೀಟಿ: ಕೆಂಪು ಅಂದರೆ ತಕ್ಷಣ, ಹಳದಿ ಅಂದರೆ ಸ್ವಲ್ಪ ಕಾಯಬಹುದು, ಹಸಿರು ಅಂದರೆ ಸಣ್ಣ ಗಾಯ, ಕಪ್ಪು ಅಂದರೆ ಸತ್ತವರು ಅಥವಾ ಉಳಿಯುವ ಆಸೆ ಇಲ್ಲದವರು. ರೇಡಿಯೋದವರು ಹೇಳಬೇಕಾದದ್ದು ಇಷ್ಟು: ಇದು ದೊಡ್ಡ ಘಟನೆ ಅಂತ ಬಾಯಿಬಿಟ್ಟು ಘೋಷಿಸುವುದು, ಸರಿಯಾದ ಜಾಗ, ಏನಾಗಿದೆ, ಏನು ಅಪಾಯ ಇದೆ, ಯಾವ ದಾರಿಯಲ್ಲಿ ಬರಬೇಕು, ಅಂದಾಜು ಎಷ್ಟು ಗಾಯಾಳುಗಳು, ಯಾರು ಬಂದಿದ್ದಾರೆ, ಇನ್ನು ಯಾರು ಬೇಕು. ಬ್ರಿಟನ್ನಿನಲ್ಲಿ ಇದೇ ಪಟ್ಟಿಯ ಇಂಗ್ಲಿಷ್ ಪದಗಳ ಮೊದಲ ಅಕ್ಷರಗಳನ್ನು ಸೇರಿಸಿ ಮೀಥೇನ್ ಅಂತ ಕಲಿಸುತ್ತಾರೆ. ಸಂಖ್ಯೆ ಖಚಿತವಾಗಲಿ ಅಂತ ಕಾಯಬೇಡಿ, ಅಂದಾಜು ಸಾಕು, ಆಮೇಲೆ ತಿದ್ದಬಹುದು.

ಅಪಾಯದ ಮಾತು ಬಂತಲ್ವಾ, ಅಲ್ಲಿ ಸ್ವಲ್ಪ ನಿಲ್ಲಿ. ಗಾಯವೇ ಇಲ್ಲದೆ ಜನ ಸಾಲಾಗಿ ಬಿದ್ದಿದ್ದರೆ, ಕಣ್ಣುರಿ, ಕೆಮ್ಮು ಅಂತಿದ್ದರೆ, ಒಳಗೆ ಕಾಲಿಡಬೇಡಿ. 1995ರ ಮಾರ್ಚ್ 20ರಂದು ಟೋಕಿಯೋದ ಸಬ್‌ವೇಯಲ್ಲಿ ಸಾರಿನ್ ವಿಷ ಹರಡಿದಾಗ ಗಾಯಾಳುಗಳ ಬಟ್ಟೆಯಿಂದ ಎದ್ದ ಆವಿಗೇ ಆಂಬುಲೆನ್ಸ್ ಮತ್ತು ಆಸ್ಪತ್ರೆ ಸಿಬ್ಬಂದಿ ಅಸ್ವಸ್ಥರಾದರು. ನೀವೂ ಬಿದ್ದರೆ ಗಾಯಾಳುಗಳ ಸಂಖ್ಯೆ ಜಾಸ್ತಿಯಾಗುತ್ತದೆ ಅಷ್ಟೇ.

ಇನ್ನು ಟ್ಯಾಗ್ ಹಿಡಿದವರು. ಮೊದಲು ಜೋರಾಗಿ ಕೂಗಿ: ನಡೆಯಲು ಆಗುವವರೆಲ್ಲ ಅಗೋ ಆ ಗೋಡೆಯ ಹತ್ತಿರ ಹೋಗಿ. ಹೋದವರೆಲ್ಲ ಸದ್ಯಕ್ಕೆ ಹಸಿರು. ಒಂದೇ ಮಾತಿಗೆ ಎಷ್ಟೋ ಜನ ದಾರಿ ಬಿಡುತ್ತಾರೆ. ಉಳಿದವರ ಹತ್ತಿರ ಒಂದು ಕಡೆಯಿಂದ ಹೋಗಿ, ಒಬ್ಬರಿಗೆ ಒಂದು ನಿಮಿಷಕ್ಕಿಂತ ಹೆಚ್ಚು ಬೇಡ. ಉಸಿರಿಲ್ಲವೇ? ತಲೆ ಹಿಂದಕ್ಕೆ ಮಾಡಿ ಉಸಿರಿನ ದಾರಿ ತೆರೆಯಿರಿ. ಆಗಲೂ ಉಸಿರು ಬಾರದಿದ್ದರೆ ಕಪ್ಪು, ಬಂದರೆ ಕೆಂಪು. ಉಸಿರು ನಿಮಿಷಕ್ಕೆ 30ಕ್ಕಿಂತ ಹೆಚ್ಚಿದ್ದರೆ ಕೆಂಪು. ಮಣಿಕಟ್ಟಿನಲ್ಲಿ ನಾಡಿ ಸಿಗದಿದ್ದರೆ ಕೆಂಪು. "ನನ್ನ ಬೆರಳು ಹಿಸುಕಿ" ಅಂದಾಗ ಹಿಸುಕದಿದ್ದರೆ ಕೆಂಪು. ಇದೆಲ್ಲ ಸರಿಯಿದ್ದು ನಡೆಯಲು ಮಾತ್ರ ಆಗದಿದ್ದರೆ ಹಳದಿ. 1983ರಲ್ಲಿ ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬೀಚ್‌ನಲ್ಲಿ ರೂಪುಗೊಂಡ ಸ್ಟಾರ್ಟ್ ವಿಧಾನ ಇದು. ನಿಮ್ಮ ಸಂಸ್ಥೆ ಬೇರೆ ವಿಧಾನ ಕಲಿಸಿದ್ದರೆ ಅದನ್ನೇ ಹಿಡಿಯಿರಿ, ಎರಡನ್ನೂ ಬೆರೆಸಬೇಡಿ.

ಕೂತು ಮಾಡಬಹುದಾದ ಚಿಕಿತ್ಸೆ ಎರಡೇ. ಒಂದು ಉಸಿರಿನ ದಾರಿ ತೆರೆಯುವುದು, ಇನ್ನೊಂದು ಚಿಮ್ಮುವ ರಕ್ತ ನಿಲ್ಲಿಸುವುದು. ಟೂರ್ನಿಕೆಟ್, ಅಂದರೆ ರಕ್ತ ನಿಲ್ಲಿಸಲು ಕೈಕಾಲಿಗೆ ಬಿಗಿಯುವ ಪಟ್ಟಿ, ಬಿಗಿದರೆ ಬಿಗಿದ ಸಮಯ ಬರೆಯಿರಿ. ಗಾಯ ಒತ್ತಿ ಹಿಡಿಯಲು ಹಸಿರಿನವರಲ್ಲಿ ಗಟ್ಟಿ ಮನಸ್ಸಿನವರನ್ನು ಕರೆಯಿರಿ, ಬರುತ್ತಾರೆ.

ಮಕ್ಕಳ ಲೆಕ್ಕ ಬೇರೆ. ಉಸಿರಿಲ್ಲದ ಮಗುವಿಗೆ ನಾಡಿ ಸಿಕ್ಕರೆ 5 ಸಲ ಉಸಿರು ಕೊಟ್ಟು ನೋಡದೆ ಕಪ್ಪು ಕಟ್ಟಬೇಡಿ. ಸಿಡಿಲು ಬಡಿದ ಕಡೆಯಂತೂ ಪೂರ್ತಿ ಉಲ್ಟಾ: ಸತ್ತಂತೆ ಬಿದ್ದವರಿಗೇ ಮೊದಲು ಎದೆ ಒತ್ತಬೇಕು, ಮಿಕ್ಕವರು ಸಾಮಾನ್ಯವಾಗಿ ಉಳಿಯುತ್ತಾರೆ.

ಕಪ್ಪು ಟ್ಯಾಗ್ ಬಗ್ಗೆ ಒಂದು ಮಾತು. ಬೇರೆ ದಿನವಾಗಿದ್ದರೆ ಆ ವ್ಯಕ್ತಿಗೆ ಅರ್ಧ ಗಂಟೆ ಎದೆ ಒತ್ತುತ್ತಿದ್ದಿರಿ. ಇವತ್ತು ಟ್ಯಾಗ್ ಕಟ್ಟಿ ಎದ್ದು ಹೋಗುತ್ತೀರಿ, ಮನೆಯವರು ನೋಡುತ್ತಿರುವಾಗಲೇ. ಕೈ ನಡುಗುತ್ತದೆ, ನಡುಗಲಿ. ಹೆಚ್ಚಿನ ಗಾಡಿಗಳು, ಕೈಗಳು ಬಂದ ಮೇಲೆ ಮತ್ತೆ ಎಲ್ಲರನ್ನೂ ನೋಡಬೇಕು, ಕಪ್ಪನ್ನೂ ಸೇರಿಸಿ. ಹಸಿರಿನವರನ್ನೂ ಮರೆಯಬೇಡಿ. ಹೊಟ್ಟೆಯೊಳಗೆ ರಕ್ತ ಸೋರುತ್ತಿರುವವರು ಮೊದಲು ನಡೆದೇ ಹೋಗಿರುತ್ತಾರೆ.

ಸಾಗಿಸುವಾಗ ಒಂದು ಲೆಕ್ಕ ನೆನಪಿರಲಿ. ಸಣ್ಣಪುಟ್ಟ ಗಾಯದವರು ಸಿಕ್ಕ ಗಾಡಿ ಹತ್ತಿ ಹತ್ತಿರದ ಆಸ್ಪತ್ರೆಗೆ ನಿಮಗಿಂತ ಮೊದಲೇ ಹೋಗಿ ತುಂಬಿರುತ್ತಾರೆ. ಆದ್ದರಿಂದ ಕೆಂಪಿನವರನ್ನೆಲ್ಲ ಅಲ್ಲಿಗೇ ಕಳಿಸಬೇಡಿ, ಕಂಟ್ರೋಲ್ ರೂಮನ್ನು ಕೇಳಿ ಹಂಚಿ. ಯಾರು ಯಾವ ಆಸ್ಪತ್ರೆಗೆ ಹೋದರು ಅಂತ ಬರೆದಿಡಿ. ಆ ಚೀಟಿ ಇಲ್ಲದಿದ್ದರೆ ಮನೆಯವರು ರಾತ್ರಿಯೆಲ್ಲ ಆಸ್ಪತ್ರೆ ಆಸ್ಪತ್ರೆ ಅಲೆಯುತ್ತಾರೆ. ಚಾಲಕರು ಗಾಡಿ ಬಿಟ್ಟು ಕದಲಬಾರದು, ಮೂತಿ ಹೊರದಾರಿಯ ಕಡೆಗೇ ಇರಲಿ.

ಮುಗಿದ ಮೇಲೆ ಎಲ್ಲರನ್ನೂ ಒಟ್ಟಿಗೆ ಕೂರಿಸಿ ಏನಾಯ್ತು ಅಂತ ಬಲವಂತವಾಗಿ ಹೇಳಿಸುವ ಪದ್ಧತಿ ಕೆಲವು ಕಡೆ ಇದೆ. ವಿಶ್ವ ಆರೋಗ್ಯ ಸಂಸ್ಥೆ ಅದು ಬೇಡ ಅನ್ನುತ್ತದೆ. ಊಟ, ನಿದ್ದೆ, ಮನೆಗೊಂದು ಫೋನು, ಮಾತಾಡಬೇಕು ಅನ್ನಿಸಿದಾಗ ಕೇಳುವ ಒಬ್ಬ ಜೊತೆಗಾರ, ಮೊದಲು ಇಷ್ಟು ಸಿಗಬೇಕು. ಒಂದು ತಿಂಗಳಾದರೂ ಅದೇ ದೃಶ್ಯ ಕಣ್ಣಿಗೆ ಬರುತ್ತಿದ್ದರೆ, ಆ ರಸ್ತೆಯಲ್ಲಿ ಹೋಗಲು ಆಗದಿದ್ದರೆ, ಮನೋವೈದ್ಯರನ್ನು ನೋಡಿ. ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ನಿಮ್ಮ ಜೊತೆಗಾರರನ್ನೂ ವಾರಕ್ಕೊಮ್ಮೆ ಕೇಳಿ, ಅದರಲ್ಲೂ ಅವತ್ತು ಟ್ಯಾಗ್ ಕಟ್ಟಿದವರನ್ನು.